ಮುಖದ ಅಗಲವನ್ನು ತೀರ್ಮಾನಿಸುವ ಸಿಲಿಯಂ

ಗ್ರಹಣದ ಹೊತ್ತಿನಲ್ಲಿ ಗರ್ಭಿಣಿ ಹೊರಗೆ ಬಂದರೆ ಮಗುವಿಗೆ ಸೀಳುತುಟಿ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಹೆತ್ತ ತಾಯಿ ವರ್ಷಗಟ್ಟಲೆ ತನ್ನನ್ನೇ ದೂಷಿಸಿಕೊಳ್ಳುವಂತೆ ಮಾಡುವ ಈ ಮಾತು ಸುಳ್ಳು ಮಾತ್ರವಲ್ಲ, ಕ್ರೂರವೂ ಹೌದು. ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ 4ರಿಂದ 7ನೆಯ ವಾರದೊಳಗೆ. ಆ ದಿನಗಳಲ್ಲಿ ಮುಖಕ್ಕೆ ರೂಪ ಕೊಡುವುದು ಭ್ರೂಣದ ಜೀವಕೋಶಗಳು ಪರಸ್ಪರ ಕಳಿಸುವ ಪ್ರೋಟೀನ್ ಸಂದೇಶಗಳು.

ಅವುಗಳಲ್ಲಿ ಪ್ರಮುಖವಾದ ಹೆಡ್ಜ್‌ಹಾಗ್ ಎಂಬ ಸಂದೇಶವನ್ನು ಜೀವಕೋಶ ಗ್ರಹಿಸುವುದು ತನ್ನ ಮೈಯಿಂದ ಹೊರಚಾಚಿದ ಒಂದೇ ಒಂದು ಎಳೆಯ ಮೂಲಕ. ಪ್ರಾಥಮಿಕ ಸಿಲಿಯಂ ಎಂಬ ಈ ಎಳೆಯನ್ನು ಕಾರ್ಲ್ ಝಿಮ್ಮರ್‌ಮನ್ 1898ರಲ್ಲೇ ವಿವರಿಸಿದ್ದರೂ, ಶ್ವಾಸನಾಳದ ಸಿಲಿಯಾಗಳು ಬಡಿಯುವಂತೆ ಇದು ಬಡಿಯುವುದಿಲ್ಲವಾದ್ದರಿಂದ, ವಿಕಾಸದಲ್ಲಿ ಉಳಿದುಹೋದ ನಿರುಪಯುಕ್ತ ಅವಶೇಷವೆಂದು ಬಹುಕಾಲ ಕಡೆಗಣಿಸಲಾಗಿತ್ತು. ಸಿಲಿಯಂ ತನ್ನೊಳಗೆ ಪ್ರೋಟೀನ್ ತಯಾರಿಸಿಕೊಳ್ಳಲಾರದು. ಬೇಕಾದುದೆಲ್ಲ ಬುಡದಿಂದ ತುದಿಗೆ ಸಾಗಿಬರಬೇಕು. ಬಾವಿಯ ರಾಟೆಯಲ್ಲಿ ಕೊಡಗಳು ಏರಿಳಿಯುವಂತೆ ಸರಕು ಏರಿಳಿಯುವ ಈ ಸಾಗಣೆಯನ್ನು 1993ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜೋಯಲ್ ರೋಸೆನ್‌ಬಾಮ್ ಅವರ ತಂಡ ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯಲ್ಲಿ ಕಂಡಿತು. ಪಾಚಿಯ ಈ ಸಂಗತಿಗೂ ಮುಖದ ಮೂಳೆಗೂ ನಂಟಿರಬಹುದೆಂದು ಅಂದು ಯಾರು ಊಹಿಸಿದ್ದರು! ಅದೇ ಸಾಗಣೆಯ ಪ್ರೋಟೀನುಗಳು ಕೆಟ್ಟ ಇಲಿಭ್ರೂಣಗಳಲ್ಲಿ ಹೆಡ್ಜ್‌ಹಾಗ್ ಸಂದೇಶ ಮುರಿದುಬೀಳುತ್ತದೆಂದು 2003ರಲ್ಲಿ ನ್ಯೂಯಾರ್ಕಿನ ಕ್ಯಾಥರಿನ್ ಆ್ಯಂಡರ್ಸನ್ ಅವರ ತಂಡ ತೋರಿಸಿತು.

ಸಂದೇಶ ಬಾರದಿರುವಾಗ ಸಿಲಿಯಂನಲ್ಲಿ ಕುಳಿತ ಪ್ಯಾಚ್ಡ್ ಎಂಬ ಪ್ರೋಟೀನು ಸ್ಮೂದನ್ಡ್ ಎಂಬ ಇನ್ನೊಂದನ್ನು ಒಳಗೆ ಬಿಡುವುದಿಲ್ಲ. ಆಗ ಗ್ಲಿ3 ಎಂಬ ಮೂರನೆಯ ಪ್ರೋಟೀನು ತುಂಡಾಗಿ ವಂಶವಾಹಿಗಳನ್ನು ಅದುಮಿಡುತ್ತದೆ. ಸಂದೇಶ ಬಂದೊಡನೆ ಪ್ಯಾಚ್ಡ್ ಹೊರಹೋಗಿ, ಸ್ಮೂದನ್ಡ್ ಒಳಸೇರಿ, ಗ್ಲಿ3 ಮತ್ತು ಅದರ ಬಳಗದ ಗ್ಲಿ ಪ್ರೋಟೀನುಗಳು ತುಂಡಾಗದೆ ಅವೇ ವಂಶವಾಹಿಗಳನ್ನು ಎಬ್ಬಿಸುತ್ತವೆ. ಈ ಎರಡೂ ಕೆಲಸಗಳಿಗೆ ಸಿಲಿಯಂ ಬೇಕೆಂಬುದೇ ಇಲ್ಲಿನ ಸೋಜಿಗ. ಸಂದೇಶವೇ ಇಲ್ಲವಾದರೆ ಮುಖದ ನಡುಭಾಗ ಕಿರಿದಾಗುತ್ತದೆ. ಅಮೆರಿಕದ ಐಡಾಹೊದಲ್ಲಿ ಕಾರ್ನ್ ಲಿಲಿ ಎಂಬ ಗಿಡ ಮೇಯ್ದ ಗಬ್ಬದ ಕುರಿಗಳು ಒಂಟಿಗಣ್ಣಿನ ಮರಿಗಳನ್ನು ಈದದ್ದು ಅದರಲ್ಲಿದ್ದ ಸೈಕ್ಲೊಪಮೀನ್ ಸ್ಮೂದನ್ಡನ್ನು ತಡೆದದ್ದರಿಂದ. ಮುಖದ ಮೂಳೆಗಳನ್ನು ಕಟ್ಟುವ ನರಶಿಖರ ಕೋಶಗಳಲ್ಲಿ ಸಿಲಿಯಂ ಇಲ್ಲದಂತೆ ಮಾಡಿದ ಇಲಿಗಳಲ್ಲಾದರೋ ಆಗುವುದು ತದ್ವಿರುದ್ಧ: ಅದುಮಿಡುವ ಗ್ಲಿ3 ತುಂಡು ಸಾಕಷ್ಟು ಹುಟ್ಟದೆ ಕಣ್ಣುಗಳ ನಡುವಿನ ಅಂತರ ಹಿಗ್ಗುತ್ತದೆ.

ತಲೆಬುರುಡೆಯೂ ಇದರಿಂದ ಹೊರತಲ್ಲ. ಸೆನ್ಸೆನ್‌ಬ್ರೆನ್ನರ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇರುವ ಅನೇಕ ಮಕ್ಕಳಲ್ಲಿ ನಡುನೆತ್ತಿಯಲ್ಲಿ ಬುರುಡೆಯ ಮೂಳೆಗಳು ಕೂಡುವ ಹೊಲಿಗೆ ಕಾಲಕ್ಕೆ ಮುನ್ನವೇ ಬೆಸೆದುಕೊಂಡು ತಲೆ ಉದ್ದವಾಗಿ, ಕಿರಿದಾಗಿ ಬೆಳೆಯುತ್ತದೆ. ಇಂಥ ಕೆಲವು ಕುಟುಂಬಗಳಲ್ಲಿ ದೋಷ ಸಿಕ್ಕಿದ್ದು ಅದೇ ಸಾಗಣೆಯ ಐಎಫ್‌ಟಿ122 ವಂಶವಾಹಿಯಲ್ಲಿ. ಮೂತ್ರಪಿಂಡದ ಕೋಶಗಳಲ್ಲೂ ಸಿಲಿಯಂ ಇರುವುದರಿಂದ, ಈ ಮಕ್ಕಳ ತಲೆಯ ಆಕಾರವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದ ಮೇಲೂ ವೈದ್ಯರು ಅವರ ಮೂತ್ರಪಿಂಡಗಳನ್ನು ನಿಯಮಿತವಾಗಿ ಪರೀಕ್ಷಿಸುತ್ತಿರಬೇಕಾಗುತ್ತದೆ.