ನ್ಯೂಜೆರ್ಸಿ: ಗವರ್ನರ್ ಖುರ್ಚಿ ಖಾಲಿಯಾದರೆ ಯಾರು ಕೂರಬೇಕು?

2002ರ ಜನವರಿ 8ರಿಂದ 15ರವರೆಗೆ, ಎಂಟು ದಿನಗಳಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಐದು ಜನರ ಕೈಯಲ್ಲಿ ಅಧಿಕಾರ ನೋಡಿತು. ಅವರಲ್ಲಿ ಜನರು ಗವರ್ನರ್ ಎಂದು ವೋಟು ಹಾಕಿ ಆರಿಸಿದ್ದು ಕೊನೆಯವರನ್ನು ಮಾತ್ರ. ಯುದ್ಧ ಇರಲಿಲ್ಲ, ದಂಗೆ ಇರಲಿಲ್ಲ. ರಾಜ್ಯದ ಸಂವಿಧಾನದಲ್ಲೇ ಒಂದು ಹಳೆಯ ಕೊರತೆ ಇತ್ತು, ಅಷ್ಟೇ.

ಮೊದಲು ಒಂದು ಮಾತು. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ದೆಹಲಿಯಿಂದ ಬಂದವರಲ್ಲ. ಜನ ನೇರವಾಗಿ ಆರಿಸುವ, ಸರ್ಕಾರ ನಡೆಸುವ ವ್ಯಕ್ತಿ. ಹೆಚ್ಚು ಕಡಿಮೆ ನಮ್ಮ ಮುಖ್ಯಮಂತ್ರಿಯ ಜಾಗ ಅದು. ನ್ಯೂಜೆರ್ಸಿಯಲ್ಲಂತೂ ಆ ಹುದ್ದೆಗೆ ಬಲ ಜಾಸ್ತಿ. ಅಟಾರ್ನಿ ಜನರಲ್ ಅವರನ್ನೂ ನ್ಯಾಯಾಧೀಶರನ್ನೂ ರಾಜ್ಯದ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆಯೊಂದಿಗೆ ಗವರ್ನರೇ ನೇಮಿಸುತ್ತಾರೆ. ಬಹಳ ಕಾಲ ರಾಜ್ಯ ಸರ್ಕಾರದಲ್ಲಿ ಇಡೀ ರಾಜ್ಯದ ವೋಟು ಪಡೆದು ಬರುತ್ತಿದ್ದವರು ಅವರೊಬ್ಬರೇ. ಇಷ್ಟೆಲ್ಲಾ ಅಧಿಕಾರ ಒಬ್ಬರಿಗೆ ಕೊಟ್ಟ ರಾಜ್ಯ, ಅವರು ಇಲ್ಲದಾಗ ಏನು ಎಂಬ ಪ್ರಶ್ನೆಗೆ ತಾತ್ಕಾಲಿಕ ಉತ್ತರ ಇಟ್ಟುಕೊಂಡೇ ಶತಮಾನ ಕಳೆಯಿತು.

ಬೇರೆ ಬಹಳಷ್ಟು ರಾಜ್ಯಗಳಲ್ಲಿ ಲೆಫ್ಟಿನೆಂಟ್ ಗವರ್ನರ್, ಅಂದರೆ ಉಪ ಗವರ್ನರ್ ಇದ್ದರು. ಇಲ್ಲಿ ಇರಲಿಲ್ಲ. ಗವರ್ನರ್ ಹೋದರೆ ಸೆನೆಟ್ ಅಧ್ಯಕ್ಷರು ಹಂಗಾಮಿ ಗವರ್ನರ್. ಅವರೂ ಇಲ್ಲದಿದ್ದರೆ ಕೆಳಮನೆಯ ಸ್ಪೀಕರ್.

1898ರಲ್ಲಿ ಗವರ್ನರ್ ಜಾನ್ ಗ್ರಿಗ್ಸ್ ಕೇಂದ್ರದ ಅಟಾರ್ನಿ ಜನರಲ್ ಆಗಲು ಹೊರಟರು. ಸೆನೆಟ್ ಅಧ್ಯಕ್ಷ ಫಾಸ್ಟರ್ ವೂರ್ಹೀಸ್ ಅಧಿಕಾರ ವಹಿಸಿಕೊಂಡರು. ಆದರೆ ಆಗಿನ ಸಂವಿಧಾನದಲ್ಲಿ ಗವರ್ನರ್ ಆಗಿದ್ದವರು ಬೆನ್ನಿಗೇ ಮತ್ತೆ ಆ ಹುದ್ದೆಗೆ ಬರುವಂತಿರಲಿಲ್ಲ. ಹಾಗಾಗಿ ವೂರ್ಹೀಸ್ ಚುನಾವಣೆಗೆ ಸ್ವಲ್ಪ ಮುಂಚೆ ರಾಜೀನಾಮೆ ಕೊಟ್ಟರು, ಸ್ಪೀಕರ್ ಡೇವಿಡ್ ವಾಟ್ಕಿನ್ಸ್ ಕುಳಿತರು. ವೂರ್ಹೀಸ್ ಗೆದ್ದು ಬಂದರು. 1913ರಲ್ಲೂ ಇದೇ ನಡೆಯಿತು. ಗವರ್ನರ್ ವುಡ್ರೋ ವಿಲ್ಸನ್ ಅಮೆರಿಕದ ಅಧ್ಯಕ್ಷರಾಗಿ ಹೋದರು. ಜೇಮ್ಸ್ ಫೀಲ್ಡರ್ ಹಂಗಾಮಿಯಾದರು, ಚುನಾವಣೆಗೆ ನಿಲ್ಲಲು ಬಿಟ್ಟುಕೊಟ್ಟರು, ಸ್ಪೀಕರ್ ಲಿಯಾನ್ ಟೇಲರ್ ಕೆಲವು ತಿಂಗಳು ನೋಡಿಕೊಂಡರು. ಎರಡು ಸಲ ಪಾಠ ಸಿಕ್ಕಿತ್ತು, ಅಲ್ವಾ? ಆದರೂ 1947ರ ಹೊಸ ಸಂವಿಧಾನ ಗವರ್ನರ್ ಅವಧಿಯನ್ನು ಮೂರರಿಂದ ನಾಲ್ಕು ವರ್ಷಕ್ಕೆ ಏರಿಸಿತು, ಸತತ ಎರಡು ಅವಧಿಗೆ ಅವಕಾಶ ಕೊಟ್ಟಿತು, ಹಂಗಾಮಿ ವ್ಯವಸ್ಥೆಯನ್ನು ಮಾತ್ರ ಹಾಗೇ ಉಳಿಸಿತು.

ಇದರ ಬೆಲೆ ತೆರಬೇಕಾಗಿ ಬಂದದ್ದು 2001ರಲ್ಲಿ. ಗವರ್ನರ್ ಕ್ರಿಸ್ಟೀನ್ ಟಾಡ್ ವಿಟ್ಮನ್ ಜನವರಿ ಕೊನೆಯಲ್ಲಿ ಕೇಂದ್ರದ ಪರಿಸರ ಸಂಸ್ಥೆಯ ಮುಖ್ಯಸ್ಥೆಯಾಗಿ ಹೋದರು. ಸೆನೆಟ್ ಅಧ್ಯಕ್ಷ ಡೊನಾಲ್ಡ್ ಡಿಫ್ರಾನ್ಸೆಸ್ಕೊ ಹಂಗಾಮಿಯಾದರು. ಅವರು ಸೆನೆಟ್ ಅಧ್ಯಕ್ಷರಾಗಿಯೂ ಮುಂದುವರಿದರು. ಮಸೂದೆ ಪಾಸು ಮಾಡುವ ಮನೆಯ ಯಜಮಾನರೂ ಅವರೇ, ಅದಕ್ಕೆ ಸಹಿ ಹಾಕುವವರೂ ಅವರೇ. ನನ್ನ ಪ್ರಕಾರ ಇಲ್ಲಿನ ನಿಜವಾದ ಸಮಸ್ಯೆ ಇದು. ಒಂದು ಕ್ಷೇತ್ರದ ಜನ ಆರಿಸಿದವರು ಇಡೀ ರಾಜ್ಯದ ಎರಡು ಅಧಿಕಾರ ಹಿಡಿದಿದ್ದರು.

2002ರ ಜನವರಿ 8ಕ್ಕೆ ಅವರ ಸೆನೆಟ್ ಅವಧಿ ಮುಗಿಯಿತು. ಹೊಸ ಗವರ್ನರ್ ಜಿಮ್ ಮೆಕ್‌ಗ್ರೀವಿ ಪ್ರಮಾಣ ವಚನಕ್ಕೆ ಇನ್ನೂ ಒಂದು ವಾರ ಇತ್ತು. ಹೊಸ ಸೆನೆಟ್ ತನ್ನ ಅಧ್ಯಕ್ಷರನ್ನು ಆರಿಸುವವರೆಗೆ, ಸರದಿಯಲ್ಲಿ ಸ್ಪೀಕರ್ ನಂತರ ಬರುವ ಅಟಾರ್ನಿ ಜನರಲ್ ಜಾನ್ ಫಾರ್ಮರ್ ಸುಮಾರು 90 ನಿಮಿಷ ಅಧಿಕಾರದಲ್ಲಿದ್ದರು. ನಂತರ ಇನ್ನೊಂದು ತೊಡಕು. ಸೆನೆಟ್‌ನ 40 ಸೀಟು ಎರಡೂ ಪಕ್ಷಗಳಿಗೆ 20-20 ಹಂಚಿಹೋಗಿತ್ತು. ಇಬ್ಬರು ಸಹ ಅಧ್ಯಕ್ಷರಾದರು. ರಿಪಬ್ಲಿಕನ್ ಜಾನ್ ಬೆನೆಟ್ ಮೊದಲು, ಡೆಮಾಕ್ರಟ್ ರಿಚರ್ಡ್ ಕೋಡಿ ಆಮೇಲೆ, ವಾರವನ್ನು ಹಂಚಿಕೊಂಡರು.

ಮೆಕ್‌ಗ್ರೀವಿ ಕೂಡ ಅವಧಿ ಮುಗಿಸಲಿಲ್ಲ. 2004ರ ಆಗಸ್ಟ್‌ನಲ್ಲಿ ರಾಜೀನಾಮೆ ಘೋಷಿಸಿ, ಅದು ನವೆಂಬರ್ 15ಕ್ಕೆ ಜಾರಿ ಎಂದರು. ಬೇಗ ಹೋಗಿದ್ದರೆ ಆ ವರ್ಷವೇ ವಿಶೇಷ ಚುನಾವಣೆ ನಡೆಸಬೇಕಿತ್ತು. ತಡ ಮಾಡಿದ್ದರಿಂದ ಜನರಿಗೆ ಆ ಅವಕಾಶ ತಪ್ಪಿತು. ಕೋಡಿ ಮತ್ತೆ ಬಂದು 14 ತಿಂಗಳು ರಾಜ್ಯ ನಡೆಸಿದರು, ಸೆನೆಟ್ ಅಧ್ಯಕ್ಷರಾಗಿಯೇ.

2005ರ ನವೆಂಬರ್‌ನಲ್ಲಿ ಮತದಾರರು ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಒಪ್ಪಿಗೆ ಕೊಟ್ಟರು. ಆದರೆ ಅದು ಜಾರಿಗೆ ಬರುವುದು 2009ರ ಚುನಾವಣೆಯಿಂದ. ನಡುವೆ, 2007ರ ಏಪ್ರಿಲ್‌ನಲ್ಲಿ ಗವರ್ನರ್ ಜಾನ್ ಕಾರ್ಜೈನ್ ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು. ಸೀಟ್ ಬೆಲ್ಟ್ ಹಾಕಿರಲಿಲ್ಲ. ಮತ್ತೆ ಕೋಡಿಯೇ ಮೇ ತಿಂಗಳವರೆಗೆ ನೋಡಿಕೊಂಡರು.

ಕಿಮ್ ಗ್ವಾಡಾಗ್ನೊ 2010ರ ಜನವರಿಯಲ್ಲಿ ಮೊದಲ ಲೆಫ್ಟಿನೆಂಟ್ ಗವರ್ನರ್ ಆದರು. ಅದೇ ಡಿಸೆಂಬರ್‌ನಲ್ಲಿ ಭಾರೀ ಹಿಮ ಬಿದ್ದಾಗ ಗವರ್ನರ್ ಕ್ರಿಸ್ ಕ್ರಿಸ್ಟಿ ಫ್ಲೋರಿಡಾದಲ್ಲಿ, ಗ್ವಾಡಾಗ್ನೊ ಮೆಕ್ಸಿಕೊದಲ್ಲಿ ಇದ್ದರು. ರಾಜ್ಯದ ಗಡಿ ದಾಟಿದರೆ ಅಧಿಕಾರ ಮುಂದಿನವರಿಗೆ ಹೋಗುವ ನಿಯಮ ಇರುವುದರಿಂದ, ವಿರೋಧ ಪಕ್ಷದ ಸೆನೆಟ್ ಅಧ್ಯಕ್ಷ ಸ್ಟೀಫನ್ ಸ್ವೀನಿ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ಒಳ್ಳೆಯ ವ್ಯವಸ್ಥೆಯೂ ಇಬ್ಬರೂ ಒಟ್ಟಿಗೆ ಹೊರಗಿದ್ದರೆ ಹಳೆಯ ದಾರಿಗೇ ಬರುತ್ತದೆ.

2023ರಲ್ಲಿ ಇದು ನೋವಿನ ರೀತಿಯಲ್ಲಿ ಮರುಕಳಿಸಿತು. ಗವರ್ನರ್ ಫಿಲ್ ಮರ್ಫಿ ಇಟಲಿಯಲ್ಲಿದ್ದಾಗ ಹಂಗಾಮಿಯಾಗಿದ್ದ ಲೆಫ್ಟಿನೆಂಟ್ ಗವರ್ನರ್ ಶೀಲಾ ಆಲಿವರ್ ಆಸ್ಪತ್ರೆ ಸೇರಿದರು. ಅಧಿಕಾರ ಸೆನೆಟ್ ಅಧ್ಯಕ್ಷ ನಿಕೋಲಸ್ ಸ್ಕುಟಾರಿ ಅವರಿಗೆ ಹೋಯಿತು. ಆಗಸ್ಟ್ 1ರಂದು ಆಲಿವರ್ ತೀರಿಕೊಂಡರು. ಖಾಲಿಯಾದ ಜಾಗಕ್ಕೆ 45 ದಿನದೊಳಗೆ ಗವರ್ನರೇ ಒಬ್ಬರನ್ನು ನೇಮಿಸಬೇಕು ಎಂದು ಸಂವಿಧಾನ ಹೇಳುತ್ತದೆ. ಮರ್ಫಿ ಸೆಪ್ಟೆಂಬರ್‌ನಲ್ಲಿ ತಹೇಶಾ ವೇ ಅವರನ್ನು ತಂದರು. ಕೆಲಸ ನಿಲ್ಲಲಿಲ್ಲ, ನಿಜ. ಆದರೆ ಆಮೇಲಿನ ಎರಡು ವರ್ಷ ಗವರ್ನರ್ ಸ್ಥಾನಕ್ಕೆ ಒಂದೇ ಹೆಜ್ಜೆ ದೂರದಲ್ಲಿ ಇದ್ದವರು ಮತ್ತೆ ಆ ಹುದ್ದೆಗೆ ಜನ ಆರಿಸದವರೇ.