14 ಅಡಿ ಬೋಟೋ, 19 ಅಡಿಯದೋ? ಆಲಮಟ್ಟಿ ಹಿನ್ನೀರಿಗೆ ಯಾವುದು ಸರಿ

ಪ್ರಶ್ನೆ: ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಹತ್ತಿಕೊಂಡೇ ನಮ್ಮ ಹೊಲ ಇದೆ. ಮನೆಯಲ್ಲಿ ಆರು ಜನ. ರಜೆಯಲ್ಲಿ ಸುತ್ತಾಡಲು ಒಂದು ಹಳೆ ಮೋಟಾರ್ ಬೋಟ್ ತಗೊಳ್ಳೋಣ ಅಂತಿದ್ದೇವೆ. ಗೋವಾದಲ್ಲಿ ಎರಡು ನೋಡಿದ್ದೇವೆ. ಒಂದು 14 ಅಡಿ, 25 ಎಚ್‌ಪಿ ಎಂಜಿನ್. ಇನ್ನೊಂದು 19 ಅಡಿ, 75 ಎಚ್‌ಪಿ. ಎರಡೂ ಫೈಬರ್, ಬೆಲೆಯೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ದೊಡ್ಡದನ್ನೇ ತರುವುದು ಲಾಭ ಅಲ್ವಾ?

ಉತ್ತರ: ಲಾಭ ಅಲ್ಲ ಅಂತಲೇ ನನ್ನ ಅನಿಸಿಕೆ. ನಿಮ್ಮ ಜಾಗಕ್ಕೆ 14 ಅಡಿಯದು ಸಾಕು. ಎಂಜಿನ್ ಗಟ್ಟಿಯಿದೆ ಅಂತ ಖಾತ್ರಿಯಾದರೆ ಅದನ್ನೇ ತನ್ನಿ. ಇದೇ ಪ್ರಶ್ನೆಯನ್ನು ನವಿಲುತೀರ್ಥದ ಹಿನ್ನೀರಿನ ಹತ್ತಿರ ಇರುವ ಸವದತ್ತಿಯವರೂ ಕೇಳುತ್ತಾರೆ, ಹಿಡಕಲ್ ಕಡೆಯವರೂ ಕೇಳುತ್ತಾರೆ. ಎಲ್ಲರ ಲೆಕ್ಕವೂ ಬೋಟ್ ನೀರಿನ ಮೇಲೆ ಹೇಗೆ ಓಡುತ್ತದೆ ಅನ್ನುವುದರ ಸುತ್ತಲೇ ಇರುತ್ತದೆ. ದಡದ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಬೋಟ್ ಇಟ್ಟುಕೊಂಡವರು ಸೋಲುವುದು ದಡದಲ್ಲೇ.

ಸಮುದ್ರದ ಬಂದರಿನಲ್ಲಿ ಕಾಂಕ್ರೀಟ್ ಇಳಿಜಾರು ಇರುತ್ತದೆ, ಟ್ರೇಲರ್ ಸಲೀಸಾಗಿ ನೀರಿಗಿಳಿಯುತ್ತದೆ. ನಿಮ್ಮ ಹೊಲದ ಅಂಚಿನಲ್ಲಿ ಅದಿಲ್ಲ. ಆಲಮಟ್ಟಿ ತುಂಬಿದಾಗ ಮಟ್ಟ 519.60 ಮೀಟರ್. ಆಗ ನೀರು ಬದುವಿನ ತನಕ ಬಂದು ನಿಲ್ಲುತ್ತದೆ, ನೋಡಲು ಚೆಂದ. ಆಮೇಲೆ ಕಾಲುವೆಗೆ ನೀರು ಬಿಟ್ಟಂತೆಲ್ಲ ಇಳಿಯುತ್ತಾ ಹೋಗುತ್ತದೆ. ಇಲ್ಲಿನ ನೆಲ ಸಮತಟ್ಟು. ಮಟ್ಟ ಒಂದು ಮೀಟರ್ ಕಡಿಮೆಯಾದರೆ ಎಷ್ಟೋ ಕಡೆ ದಡ ನೂರಾರು ಅಡಿ ಹಿಂದೆ ಸರಿಯುತ್ತದೆ. ಬೇಸಿಗೆಗೆ ಹಿನ್ನೀರು ಸರಿದ ಜಾಗದಲ್ಲಿ ಜನ ಬಿತ್ತಿ ಬೆಳೆಯುವುದನ್ನು ನೀವೇ ನೋಡಿದ್ದೀರಿ.

ಹಾಗೆ ಹೊರಬಿದ್ದ ನೆಲ ಎರೆ ಮಣ್ಣು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಂದು ಗೇಣು ಕೆಳಗೆ ಹಸಿ. ಟ್ರೇಲರ್ ಗಾಲಿ ಆ ಪದರ ಒಡೆದು ಒಳಗೆ ಹೋಯಿತೋ, ಆಮೇಲೆ ಎಳೆದಷ್ಟೂ ಹೂತುಕೊಳ್ಳುತ್ತದೆ. ಟ್ರ್ಯಾಕ್ಟರ್ ತಂದರೆ ಅದೂ ಹೂತುಕೊಳ್ಳಬಹುದು. ದಡದಲ್ಲಿ ಟ್ರ್ಯಾಕ್ಟರ್ ಓಡಿಸುವ ಒಬ್ಬರು ಒಮ್ಮೆ ಹೇಳಿದ್ದು: ‘ನೀರಿಗಿ ಇಳಸೂದೇನ್ ದೊಡ್ಡ ಮಾತಲ್ರಿ, ಹೊಳ್ಳಿ ಎಳಿಯೂದೈತಿ ನೋಡ್ರಿ.’

ಈಗ ತೂಕ ನೋಡಿ. 19 ಅಡಿ ಅಂದರೆ 14ಕ್ಕಿಂತ ಐದೇ ಅಡಿ ಜಾಸ್ತಿ ಅನಿಸುತ್ತದೆ. ಆದರೆ ಬೋಟ್ ಉದ್ದವಾದಂತೆ ಅಗಲವೂ ಆಳವೂ ಬೆಳೆಯುತ್ತವೆ. ಒಂದೇ ಆಕಾರದ ಎರಡು ಬೋಟ್ ಇಟ್ಟು ಲೆಕ್ಕ ಹಾಕಿದರೆ ಗಾತ್ರ ಸುಮಾರು ಎರಡೂವರೆ ಪಟ್ಟಾಗುತ್ತದೆ. 14 ಅಡಿಯ ಸಾದಾ ಫೈಬರ್ ಬೋಟ್, ಎಂಜಿನ್, ಪೆಟ್ರೋಲ್, ಟ್ರೇಲರ್ ಎಲ್ಲ ಸೇರಿ ಅರ್ಧ ಟನ್ ಆಸುಪಾಸು. 19 ಅಡಿಯದು ಅದೇ ಲೆಕ್ಕದಲ್ಲಿ ಒಂದೂವರೆ ಟನ್ ಹತ್ತಿರ ಹೋಗಬಹುದು. ಚಿಕ್ಕದನ್ನು ಟ್ರೇಲರ್ ಇಲ್ಲದೆಯೂ ದಡಕ್ಕೆ ತರಬಹುದು. ಬೋಟಿನ ಕೆಳಗೆ ನಾಲ್ಕು ದಪ್ಪ ಪೈಪ್ ಹಾಕಿ, ಹಗ್ಗ ಕಟ್ಟಿ, ಐದಾರು ಜನ ಎಳೆದರೆ ಬರುತ್ತದೆ. ಹಳೆಯ ಟೂ ಸ್ಟ್ರೋಕ್ 25 ಎಚ್‌ಪಿ ಎಂಜಿನ್ ಸುಮಾರು 50 ಕೆ.ಜಿ. ಇರುತ್ತದೆ, ಇಬ್ಬರು ಬಿಚ್ಚಿ ಹೊತ್ತು ಮನೆಗೆ ತಂದಿಡಬಹುದು. ಕಳ್ಳರ ಕಾಟವೂ ಇಲ್ಲ. 75 ಎಚ್‌ಪಿಯ ಫೋರ್ ಸ್ಟ್ರೋಕ್ ಆದರೆ 160 ಕೆ.ಜಿ. ಆಚೀಚೆ, ಚೈನ್ ಪುಲ್ಲಿ ಇಲ್ಲದೆ ಅಲುಗುವುದಿಲ್ಲ.

ದೊಡ್ಡ ಬೋಟ್ ಅಲೆಗೆ ಗಟ್ಟಿ ಅನ್ನುತ್ತಾರೆ. ನಿಜ. ಹಿನ್ನೀರು ಅಗಲ ಇರುವ ಕಡೆ ಗಾಳಿ ಬೀಸಿದರೆ ಗಿಡ್ಡ, ಕಡಿದಾದ ಅಲೆ ಏಳುತ್ತದೆ. 14 ಅಡಿಯದಕ್ಕೆ ಅಂಚಿನ ಎತ್ತರ ಕಡಿಮೆ, ನೀರು ಒಳಗೆ ಎರಚುತ್ತದೆ. ಆದರೆ ಆಷಾಢದ ಗಾಳಿಯಲ್ಲಿ ಖುಷಿಗೆ ಅಂತ ಬೋಟ್ ಇಳಿಸುವವರು ಯಾರು? 19 ಅಡಿಯದನ್ನೂ ಇಳಿಸಬೇಡಿ. ನಿಮಗೆ ಸಿಗುವ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಫೆಬ್ರವರಿ. ಆಗ ನೀರೂ ಇರುತ್ತದೆ, ಬೆಳಗಿನ ಹೊತ್ತು ಗಾಳಿಯೂ ಜೋರಾಗಿರುವುದಿಲ್ಲ. ಹೀಗಿರುವಾಗ ಅಲೆ ತಡೆಯುವ ಶಕ್ತಿಗೆ ವರ್ಷವಿಡೀ ಪೆಟ್ರೋಲ್ ಸುರಿಯುವುದು ಯಾಕೆ? ಫೋರ್ ಸ್ಟ್ರೋಕ್ ಎಂಜಿನ್ ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಹತ್ತು ಎಚ್‌ಪಿಗೆ ಗಂಟೆಗೆ ಸುಮಾರು 3.8 ಲೀಟರ್ ಕುಡಿಯುತ್ತದೆ ಅನ್ನುವುದು ಅಂದಾಜು ಲೆಕ್ಕ. 25ಕ್ಕೆ ಒಂಬತ್ತೂವರೆ ಲೀಟರ್, 75ಕ್ಕೆ 28. ಹಳೆಯ ಟೂ ಸ್ಟ್ರೋಕ್ ಇದಕ್ಕಿಂತ ಜಾಸ್ತಿಯೇ ತಿನ್ನುತ್ತದೆ.

ಇನ್ನೊಂದು ವಿಷಯ ಹೊರಗಿನವರಿಗೆ ಹೊಳೆಯುವುದಿಲ್ಲ. ಬಾಗಲಕೋಟೆಯನ್ನು ಮುಳುಗಡೆ ನಗರಿ ಅಂತ ಸುಮ್ನೆ ಕರೆಯುವುದಿಲ್ಲ. ಈ ನೀರಿನ ಕೆಳಗೆ ಹಳೆ ಮನೆಗಳ ಗೋಡೆ, ಬಾವಿಕಟ್ಟೆ, ಮರದ ಬೊಡ್ಡೆ ಎಲ್ಲ ಇವೆ. ಜನವರಿ ದಾಟಿ ನೀರು ಇಳಿದಾಗ ಅವು ಪ್ರೊಪೆಲ್ಲರ್‌ಗೆ ತಾಗುವಷ್ಟು ಮೇಲೆ ಬರುತ್ತವೆ. ತೂಕದ ಬೋಟ್ ಆಳಕ್ಕೆ ಕೂರುತ್ತದೆ, ವೇಗವೂ ಜಾಸ್ತಿ, ಹೊಡೆತವೂ ಜೋರು. ಚಿಕ್ಕದರಲ್ಲಿ ಎಂಜಿನ್ ಎತ್ತಿ, ಹುಟ್ಟು ಹಾಕಿಕೊಂಡು ಪಾರಾಗಬಹುದು. ಮೀನುಗಾರರ ಬಲೆಗಳೂ ಇರುತ್ತವೆ. ಬಲೆಯ ಮೇಲೆ ಹಾಯಿಸಿದರೆ ಅವರ ಹೊಟ್ಟೆಗೂ ಹೊಡೆತ, ನಿಮ್ಮ ಎಂಜಿನ್‌ಗೂ ಹೊಡೆತ.

ಆರು ಜನರ ವಿಷಯಕ್ಕೆ ಬರೋಣ. ಇಲ್ಲಿ ಮಾತ್ರ ದೊಡ್ಡ ಬೋಟೇ ಮೇಲು, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ಚಿಕ್ಕ ಬೋಟ್‌ಗಳಿಗೆ ಒಂದು ಸರಳ ಲೆಕ್ಕ ಹೇಳುತ್ತದೆ: ಉದ್ದವನ್ನು ಅಗಲದಿಂದ ಗುಣಿಸಿ, ಅಡಿಗಳಲ್ಲಿ, 15ರಿಂದ ಭಾಗಿಸಿ. ಐದೂವರೆ ಅಡಿ ಅಗಲದ 14 ಅಡಿ ಬೋಟ್‌ಗೆ ಐದು ಜನ ಬರುತ್ತಾರೆ, ಅದೂ ಗಾಳಿಯಿಲ್ಲದ ದಿನ. ನನ್ನ ಪ್ರಕಾರ ನಾಲ್ಕೇ ಜನ ಕೂರಿ. ಎರಡು ಟ್ರಿಪ್ ಹೊಡೆಯಿರಿ, ಉಳಿದವರು ದಡದಲ್ಲಿ ರೊಟ್ಟಿ ಬುತ್ತಿ ಬಿಚ್ಚಲಿ. ಯಾರೇ ಹತ್ತಲಿ, ಈಜು ಬರುವವರೂ ಸೇರಿ, ಲೈಫ್ ಜಾಕೆಟ್ ಹಾಕಿಯೇ ಇರಬೇಕು. ಮಕ್ಕಳು ನಡುನೀರಿನಲ್ಲಿ ಜಿಗಿಯುತ್ತೇವೆ ಅಂದರೆ ಬೇಡ ಅನ್ನಿ. ಕೃಷ್ಣೆಯಲ್ಲಿ ಮೊಸಳೆ ಇರುವುದು ನಿಮಗೆ ಗೊತ್ತೇ ಇದೆ.

ಹಾಗಾದರೆ ಎರಡಕ್ಕೂ ಒಂದೇ ಬೆಲೆ ಯಾಕೆ? ಹಳೆ ಬೋಟಿನಲ್ಲಿ ದುಡ್ಡಿರುವುದು ಎಂಜಿನ್‌ನಲ್ಲಿ. ದೊಡ್ಡ ಬೋಟ್ ಸಸ್ತಾ ಸಿಗುತ್ತಿದೆ ಅಂದರೆ ಮೊದಲು ಎಂಜಿನ್ ಮೇಲೆ ಅನುಮಾನ ಪಡಿ. ಗೋವಾದ್ದು ಅಂದರೆ ಉಪ್ಪುನೀರಿನಲ್ಲಿ ದುಡಿದಿದ್ದು. ಕೂಲಿಂಗ್ ನೀರು ಹರಿಯುವ ದಾರಿಯಲ್ಲಿ ಉಪ್ಪು ಕಟ್ಟಿಕೊಂಡಿರಬಹುದು. ಎಂಜಿನ್ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್‌ನ ಮುಚ್ಚಳದ ಸುತ್ತ ಬಿಳಿ ಪುಡಿ ಕಂಡರೆ ಅದೇ.

ಚಿಕ್ಕದನ್ನು ನೋಡುವಾಗಲೂ ಇದೇ ಕಣ್ಣು ಇರಲಿ. ಗೇರ್ ಇರುವ ಕೆಳಗಿನ ಭಾಗದಲ್ಲಿ ಎರಡು ಸ್ಕ್ರೂ ಇರುತ್ತವೆ. ಕೆಳಗಿನದನ್ನು ಸ್ವಲ್ಪ ಸಡಿಲಿಸಿ, ಬರುವ ಆಯಿಲನ್ನು ಬೆರಳ ಮೇಲೆ ಹಿಡಿಯಿರಿ. ಹಾಲು ಜಾಸ್ತಿಯಾದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಹೊಕ್ಕಿದೆ, ಸೀಲ್ ಹೋಗಿದೆ. ಬಲೆಯ ನೈಲಾನ್ ದಾರ ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಸೀಲ್ ಕತ್ತರಿಸುವುದು ಬಹಳ ಸಾಮಾನ್ಯ. ಆಮೇಲೆ ಎಂಜಿನ್ ಮೇಲಕ್ಕೆತ್ತಿ, ಅದರ ಕಾಲನ್ನು, ಅಂದರೆ ನೀರಿಗಿಳಿಯುವ ಕೆಳಭಾಗವನ್ನು, ಹಿಡಿದು ಜೋರಾಗಿ ಕೆಳಗೆ ಒತ್ತಿ. ಎಂಜಿನ್ ಕೂರಿಸಿದ ಹಿಂಬದಿ ಹಲಗೆ ಬಾಗಿದರೆ, ಮೂಲೆಯಲ್ಲಿ ಬಿರುಕು ಬಾಯಿ ತೆರೆದರೆ, ಫೈಬರ್ ಒಳಗಿನ ಪ್ಲೈವುಡ್ ಕೊಳೆತಿದೆ ಅಂತ ಅರ್ಥ. ನಾಣ್ಯದಿಂದ ತಟ್ಟಿ ನೋಡಿ. ಗಟ್ಟಿ ಜಾಗ ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಮೇಲೆ ಹೊಸ ಪೇಂಟ್ ಹೊಡೆದಿದ್ದರೆ ಇನ್ನೂ ಜಾಸ್ತಿ ತಟ್ಟಿ.

ಎಂಜಿನ್ ಓಡಿಸಿ ತೋರಿಸುವಾಗ ಅದರ ಕಾಲು ನೀರಿನಲ್ಲಿರಬೇಕು, ಒಂದು ಡ್ರಮ್ ನೀರಾದರೂ ಸಾಕು. ಒಣ ನೆಲದಲ್ಲೇ ಭರ್ ಅಂತ ಸ್ಟಾರ್ಟ್ ಮಾಡಿ ತೋರಿಸುವವನ ಎಂಜಿನ್ ಬೇಡ. ನೀರಿಲ್ಲದೆ ಓಡಿದರೆ ಕೂಲಿಂಗ್ ನೀರೆತ್ತುವ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ನೋಡುನೋಡುತ್ತಲೇ ಸುಟ್ಟುಹೋಗುತ್ತದೆ, ಅವನು ಅದೆಷ್ಟು ಸಲ ಹಾಗೆ ಮಾಡಿದ್ದಾನೋ. ಪಕ್ಕದಿಂದ ಸಣ್ಣ ನೀರಿನ ಧಾರೆ ಬಿಡದೆ ಬರುತ್ತಿರಬೇಕು. ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿ. ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಬಹುದು. ಪೆಟ್ರೋಲ್ ಪೈಪ್‌ಗಳನ್ನು ಹೇಗೂ ಬದಲಾಯಿಸಿ. ಈಗಿನ ಪೆಟ್ರೋಲ್‌ನಲ್ಲಿ ಶೇ. 20 ಎಥೆನಾಲ್ ಇರುತ್ತದೆ, ಅದು ನೀರು ಹೀರುತ್ತದೆ, ಹಳೆ ರಬ್ಬರನ್ನೂ ಕೆಡಿಸುತ್ತದೆ.

ಕಾಗದಪತ್ರ ಮರೆಯಬೇಡಿ. 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಎಂಜಿನ್ ಇರುವ ಬೋಟ್‌ಗೆ ತಪಾಸಣೆ, ನೋಂದಣಿ ಎರಡೂ ಬೇಕು. ಗೋವಾದ ನೋಂದಣಿ ಇಲ್ಲೂ ನಡೆಯುತ್ತದೆ, ಆದರೆ ಮಾಲೀಕತ್ವ ನಿಮ್ಮ ಹೆಸರಿಗೆ ಬರಬೇಕು. ಆಲಮಟ್ಟಿ ನೀರು ಕೃಷ್ಣಾ ಭಾಗ್ಯ ಜಲ ನಿಗಮದ ಸುಪರ್ದಿಯಲ್ಲಿದೆ. ದುಡ್ಡು ಕೊಡುವ ಮೊದಲೇ ಅಲ್ಲಿ ಹೋಗಿ ಕೇಳಿ, ಹೊಲ ನಮ್ಮದು ಅಂದ ಮಾತ್ರಕ್ಕೆ ನೀರೂ ನಮ್ಮದಾಗುವುದಿಲ್ಲ.

19 ಅಡಿಯದು ಯಾರಿಗೆ ಸರಿ ಅಂದರೆ, ಗಟ್ಟಿ ಕಲ್ಲು ನೆಲದ ದಡ ಇದ್ದು, ವರ್ಷವಿಡೀ ಅಲ್ಲಿ ನೀರು ನಿಂತಿದ್ದು, ಬೋಟನ್ನು ನೀರಿನಲ್ಲೇ ಕಟ್ಟಿಡಲು ಕಾವಲು ಇರುವವರಿಗೆ. ನಿಮ್ಮ ದಡ ಹಾಗಿದ್ದರೆ ನನ್ನ ಮಾತು ಬಿಡಿ, ದೊಡ್ಡದನ್ನೇ ನೋಡಿ.

ಗೋವಾಕ್ಕೆ ಹೋಗುವ ಹಿಂದಿನ ದಿನ ಮಾರುವವರಿಗೆ ಫೋನ್ ಮಾಡಿ, ‘ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ. ಹೋದ ತಕ್ಷಣ ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ, ತಣ್ಣಗಿದ್ದಾಗ ಅದು ಯಾಕೆ ಸ್ಟಾರ್ಟ್ ಆಗುವುದಿಲ್ಲ ಅಂತ ಕೇಳಿ.