ಎಂಟು ತೋಟಾಗಳ ಪರೀಕ್ಷೆ

ಪಿಸ್ತೂಲು ಸ್ಪರ್ಧೆ ನಡೆಯುತ್ತಿರುವಾಗ ಅಧಿಕಾರಿಯೊಬ್ಬರು ಬಂದು ಸ್ಪರ್ಧಿಯ ಚೀಲದಿಂದ ಎಂಟು ತೋಟಾ ತೆಗೆದುಕೊಳ್ಳುತ್ತಾರೆ. ಒಂದನ್ನು ಬಿಚ್ಚಿ, ತುದಿಯಲ್ಲಿರುವ ಗುಂಡನ್ನು ಮಾತ್ರ ಹೊರಗೆಳೆದು ತೂಗುತ್ತಾರೆ. ಮೂರನ್ನು ಆ ಸ್ಪರ್ಧಿಯ ಪಿಸ್ತೂಲಿನಿಂದಲೇ ಹಾರಿಸಿ, ಕ್ರೋನೋಗ್ರಾಫ್ ಎಂಬ ಉಪಕರಣದಲ್ಲಿ ವೇಗ ಅಳೆಯುತ್ತಾರೆ. ತೂಕವನ್ನು ಸರಾಸರಿ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಗೆ ಪವರ್ ಫ್ಯಾಕ್ಟರ್ ಎಂದು ಹೆಸರು. ಅದು 125 ಮುಟ್ಟದಿದ್ದರೆ ಎಷ್ಟು ಚೆನ್ನಾಗಿ ಗುರಿ ಹೊಡೆದಿದ್ದರೂ ಅಂಕ ಲೆಕ್ಕಕ್ಕೆ ಬರುವುದಿಲ್ಲ.

ಇದು ಐಪಿಎಸ್‌ಸಿ, ಅಂದರೆ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಶನ್ ಎಂಬ ಸಂಸ್ಥೆಯ ನಿಯಮ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಅದು ಹುಟ್ಟಿತು. ಜೆಫ್ ಕೂಪರ್ ಮೊದಲ ಅಧ್ಯಕ್ಷರು. ಅದರ ಧ್ಯೇಯವಾಕ್ಯದಲ್ಲಿ ಮೂರೇ ಲ್ಯಾಟಿನ್ ಪದಗಳಿವೆ. ಅವುಗಳ ಅರ್ಥ ನಿಖರತೆ, ಬಲ, ವೇಗ. ಒಲಿಂಪಿಕ್ಸ್‌ನಲ್ಲಿ ನಾವು ನೋಡುವ ಹಾಗೆ ಒಂದೇ ಕಡೆ ನಿಂತು ಗುರಿ ಹಿಡಿಯುವ ಆಟ ಇದಲ್ಲ. ಇಲ್ಲಿ ಓಡಬೇಕು, ತಿರುಗಬೇಕು, ಒಂದರ ಹಿಂದೆ ಒಂದು ಗುರಿಗೆ ಹೊಡೆಯಬೇಕು. ಒಂದು ಗುಂಡು ಹಾರಿದ ಮೇಲೆ ಪಿಸ್ತೂಲಿನ ಮೂತಿ ಎಷ್ಟು ಬೇಗ ಮತ್ತೆ ಗುರಿಗೆ ಬರುತ್ತದೆ ಅನ್ನುವುದೇ ಮುಖ್ಯ. ಹಾಗಾಗಿ ಒದೆತ ಆದಷ್ಟು ಕಡಿಮೆ ಇರಲಿ ಎಂದು ಎಲ್ಲರಿಗೂ ಆಸೆ. ಆದರೆ ತೀರಾ ಸಪ್ಪೆ ತೋಟಾ ತಂದರೆ ಪವರ್ ಫ್ಯಾಕ್ಟರ್ ಬಿಡುವುದಿಲ್ಲ.

ಈ ಎರಡರ ನಡುವೆ ದಾರಿ ಹುಡುಕುವವರು ತಮ್ಮ ತೋಟಾಗಳನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಒಮ್ಮೆ ಹಾರಿಸಿದ ಹಿತ್ತಾಳೆ ಕೇಸಿಗೆ, ಅಂದರೆ ತೋಟಾದ ಖಾಲಿ ಕೊಳವೆಗೆ, ಹೊಸ ಪ್ರೈಮರ್ (ಬಡಿದಾಗ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಕೂರಿಸಿ, ಮದ್ದು ತುಂಬಿ, ಮೇಲೆ ಗುಂಡು ಒತ್ತುತ್ತಾರೆ. ಅಮೆರಿಕದಲ್ಲಿ ಇದು ಮನೆಯ ಗ್ಯಾರೇಜಿನಲ್ಲಿ ನಡೆಯುವ ಕೆಲಸ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. 9 ಮಿಮೀ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ಸಿಗುವಂಥದ್ದೂ ಅಲ್ಲ. ಆದರೂ ಆ ಗ್ಯಾರೇಜಿನ ಮೇಜಿನ ಮೇಲೆ ನಡೆಯುವುದು ನಾವೆಲ್ಲ ಶಾಲೆಯಲ್ಲಿ ಓದಿದ ಭೌತಶಾಸ್ತ್ರವೇ. ಅದು ಇಷ್ಟು ಸ್ಪಷ್ಟವಾಗಿ ಕೈಗೆ ತಾಕುವ ಜಾಗ ಬೇರೆ ಸಿಗುವುದು ಕಷ್ಟ.

ಮೊದಲು ಅಳತೆಯ ಮಾತು. ಗುಂಡನ್ನೂ ಮದ್ದನ್ನೂ ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಗ್ರೇನ್ ಅಂದರೆ ಕಾಳು. ಹಿಂದೆ ಬಾರ್ಲಿ ಕಾಳಿನ ತೂಕ ಅದು, ಈಗ 64.8 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಇದಕ್ಕೆ ಹೆಚ್ಚು ಕಡಿಮೆ ಎರಡು ಪಟ್ಟು. 9 ಮಿಮೀ ಪಿಸ್ತೂಲಿನ ಗುಂಡು ಸಾಮಾನ್ಯವಾಗಿ 115, 124, 147 ಗ್ರೇನ್ ತೂಕಗಳಲ್ಲಿ ಸಿಗುತ್ತದೆ. ಮೂರರ ಅಗಲವೂ ಒಂದೇ. ಹಾಗಾಗಿ ತೂಕ ಜಾಸ್ತಿ ಆದಂತೆ ಗುಂಡು ಉದ್ದವಾಗುತ್ತದೆ.

ತೂಕವನ್ನು ವೇಗದಿಂದ ಗುಣಿಸಿದರೆ ಬರುವುದು ಸಂವೇಗ. ನಿಯಮ ಕೇಳುವುದು ಸಂವೇಗವನ್ನು, ಶಕ್ತಿಯನ್ನಲ್ಲ. ಇದಕ್ಕೆ ಹಳೆಯ ಕಾರಣವಿದೆ. 1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಗುಂಡಿನ ವೇಗ ಅಳೆಯುವ ದಾರಿಯೊಂದನ್ನು ಪ್ರಕಟಿಸಿದರು. ಭಾರವಾದ ಮರದ ತುಂಡನ್ನು ಲೋಲಕದಂತೆ ತೂಗುಬಿಟ್ಟು ಅದಕ್ಕೆ ಗುಂಡು ಹೊಡೆಯುವುದು. ಗುಂಡು ಮರದಲ್ಲಿ ಹೂತುಕೊಳ್ಳುತ್ತದೆ, ಲೋಲಕ ಹಿಂದಕ್ಕೆ ತೂಗುತ್ತದೆ. ಗುಂಡಿನ ಶಕ್ತಿಯ ಬಹುಪಾಲು ಮರವನ್ನು ಸೀಳುವುದರಲ್ಲಿ, ಬಿಸಿಯಾಗುವುದರಲ್ಲಿ ಕಳೆದುಹೋಗುತ್ತದೆ. ಸಂವೇಗ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಲೋಲಕ ಎಷ್ಟು ದೂರ ಹೋಯಿತು ಎಂದು ನೋಡಿದರೆ ಸಾಕು, ಗುಂಡಿನ ಲೆಕ್ಕ ಸಿಕ್ಕಂತೆ. ಕ್ರೋನೋಗ್ರಾಫ್ ಸುಲಭವಾಗಿ ಸಿಗುವ ಮೊದಲು ಈ ಪಿಸ್ತೂಲು ಸ್ಪರ್ಧೆಗಳಲ್ಲೂ ಇಂಥ ಲೋಲಕವನ್ನೇ ಬಳಸುತ್ತಿದ್ದರು. ರಾಬಿನ್ಸ್ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ಪಕ್ಕಕ್ಕೇ ಬಂದರು. 1751ರಲ್ಲಿ ತಮಿಳುನಾಡಿನ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.

ಈಗ ಲೆಕ್ಕ ನೋಡೋಣ. ಪವರ್ ಫ್ಯಾಕ್ಟರ್ 130 ಬೇಕು ಅಂದುಕೊಳ್ಳಿ. 115 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 1130 ಅಡಿ ವೇಗದಲ್ಲಿ ಹೋಗಬೇಕು. 147 ಗ್ರೇನ್ ಗುಂಡಿಗೆ 885 ಅಡಿ ಸಾಕು. ಎರಡರ ಸಂವೇಗವೂ ಒಂದೇ. ಆದರೆ ಶಕ್ತಿ ಒಂದೇ ಅಲ್ಲ, ಯಾಕಂದರೆ ಅದರ ಲೆಕ್ಕದಲ್ಲಿ ವೇಗದ ವರ್ಗ ಬರುತ್ತದೆ. ಹಗುರದ ಗುಂಡಿಗೆ ಸುಮಾರು 440 ಜೂಲ್, ಭಾರದ ಗುಂಡಿಗೆ ಸುಮಾರು 345 ಜೂಲ್. ಈ ಹೆಚ್ಚುವರಿ ಶಕ್ತಿ ಮದ್ದಿನಿಂದಲೇ ಬರಬೇಕು ಅಲ್ವಾ? ಹಾಗಾಗಿ ಅದೇ ಪವರ್ ಫ್ಯಾಕ್ಟರಿಗೆ ಹಗುರದ ಗುಂಡು ಜಾಸ್ತಿ ಮದ್ದು ಕೇಳುತ್ತದೆ.

ಕೋವಿ ಒದೆಯುತ್ತದೆ ಎಂದು ನಾವು ಹೇಳುತ್ತೇವೆ. ಆ ಒದೆತ ಗುಂಡಿನಿಂದ ಮಾತ್ರ ಬರುವುದಲ್ಲ. ಉರಿದ ಮದ್ದು ಅನಿಲವಾಗಿ ನಳಿಕೆಯ ಬಾಯಿಂದ ನುಗ್ಗುತ್ತದೆ, ಅದೂ ಗುಂಡಿಗಿಂತ ಜೋರಾಗಿ. ಅದಕ್ಕೂ ತೂಕವಿದೆ, ವೇಗವಿದೆ. ಅದೂ ಪಿಸ್ತೂಲನ್ನು ಹಿಂದಕ್ಕೆ ತಳ್ಳುತ್ತದೆ. 9 ಮಿಮೀ ತೋಟಾದಲ್ಲಿ ಇದರ ಪಾಲು ಅಂದಾಜು ಹತ್ತರಲ್ಲೊಂದು. ಅಧಿಕಾರಿಯ ತಕ್ಕಡಿ ಮತ್ತು ಕ್ರೋನೋಗ್ರಾಫ್ ಈ ಪಾಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಕೈ ಹಿಡಿಯುತ್ತದೆ. ಭಾರದ ಗುಂಡು, ಕಡಿಮೆ ಮದ್ದು ಅನ್ನುವ ಜೋಡಿಯನ್ನು ಅಷ್ಟು ಜನ ಇಷ್ಟಪಡುವುದು ಇದಕ್ಕೇ. ನಿಯಮಕ್ಕೆ ಬೇಕಾದದ್ದನ್ನು ಅದು ಪೂರ್ತಿ ಕೊಡುತ್ತದೆ, ಕೈಗೆ ಮಾತ್ರ ಕಡಿಮೆ ಕೊಡುತ್ತದೆ.

ಭಾರದ ಗುಂಡು ಕೈಯನ್ನು ಮೆಲ್ಲಗೆ ತಳ್ಳುತ್ತದೆ, ಹಗುರದ್ದು ಗುದ್ದುತ್ತದೆ ಎಂದು ಸ್ಪರ್ಧಿಗಳು ಹೇಳುತ್ತಾರೆ. ಗುಂಡು ನಳಿಕೆಯಲ್ಲಿ ಇರುವುದೇ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು. ಎರಡರ ನಡುವಿನ ವ್ಯತ್ಯಾಸ ಅದರಲ್ಲೂ ಒಂದು ಚೂರು. ಅದನ್ನು ಯಾವ ಕೈಯೂ ಗುರುತಿಸಲಾರದು. ನನ್ನ ಪ್ರಕಾರ ಅವರ ಅನುಭವ ನಿಜ, ಆದರೆ ಅದಕ್ಕೆ ಕಾರಣ ಬೇರೆ ಕಡೆ ಇದೆ. ಒಂದು, ಈಗ ಹೇಳಿದ ಅನಿಲ. ಇನ್ನೊಂದು, ಶಬ್ದ. ಸೆಕೆಂಡಿಗೆ 1130 ಅಡಿ ಅಂದರೆ ಹೆಚ್ಚು ಕಡಿಮೆ ಶಬ್ದದ ವೇಗ. ಅದನ್ನು ದಾಟಿದ ಗುಂಡು ಗಾಳಿಯಲ್ಲಿ ಚಟಾರನೆ ಸಿಡಿದಂತೆ ಕೇಳುತ್ತದೆ. 885 ಅಡಿಯ ಗುಂಡು ಅದಕ್ಕಿಂತ ತುಂಬಾ ಕೆಳಗಿದೆ. ಕಿವಿಗೆ ಕಡಿಮೆ ಕೇಳಿದ್ದು ಕೈಗೂ ಕಡಿಮೆ ಅನ್ನಿಸುವುದು ಸಹಜ.

ಇನ್ನು ಮದ್ದು. ಬಚ್ಚಲ ಹಂಡೆಯ ಒಲೆಗೆ ಒಣ ತೆಂಗಿನ ಗರಿ ಹಾಕಿದರೆ ಭಗ್ಗನೆ ಹೊತ್ತಿ ಆರಿಹೋಗುತ್ತದೆ. ಬೊಡ್ಡೆ ಹಾಕಿದರೆ ನಿಧಾನವಾಗಿ, ಬಹಳ ಹೊತ್ತು ಉರಿಯುತ್ತದೆ. ಪಿಸ್ತೂಲಿನ ಮದ್ದಿನಲ್ಲೂ ಹೀಗೇ ಬೇಗ ಉರಿಯುವವು, ನಿಧಾನ ಉರಿಯುವವು ಎಂದು ಸಾಲಾಗಿ ಇವೆ. ಕಣದ ಆಕಾರ, ಗಾತ್ರ, ಮೇಲೆ ಹಚ್ಚಿದ ಲೇಪನ ಇವುಗಳಿಂದ ಆ ವ್ಯತ್ಯಾಸ ಬರುತ್ತದೆ. ಅಮೆರಿಕದ ಬುಲ್ಸ್‌ಐ ಎಂಬ ಬೇಗ ಉರಿಯುವ ಮದ್ದು 19ನೆಯ ಶತಮಾನದ ಕೊನೆಯಿಂದ ಇಂದಿನವರೆಗೂ ಮಾರಾಟದಲ್ಲಿದೆ. ಫಿನ್ಲೆಂಡಿನ ವಿಹ್ತಾವುವೊರಿ ಎನ್320 ಕೂಡ ಇದೇ ಬೇಗದ ಗುಂಪಿನದು, ಸ್ಪರ್ಧಿಗಳಿಗೆ ಅಚ್ಚುಮೆಚ್ಚು.

ಆದರೆ ಒಲೆಗೂ ತೋಟಾಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಒಲೆಯ ಬಾಯಿ ತೆರೆದಿರುತ್ತದೆ, ತೋಟಾದ ಬಾಯಿ ಮುಚ್ಚಿರುತ್ತದೆ. 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಫ್ರಾನ್ಸಿನ ಪಾಲ್ ವಿಯೇಲ್ ಒಂದು ನಿಯಮವನ್ನೂ ಗುರುತಿಸಿದರು. ಸುತ್ತಲಿನ ಒತ್ತಡ ಏರಿದಂತೆ ಮದ್ದು ಇನ್ನೂ ಬೇಗ ಉರಿಯುತ್ತದೆ. ಬೇಗ ಉರಿದರೆ ಒತ್ತಡ ಇನ್ನೂ ಏರುತ್ತದೆ. ಗುಂಡು ಮುಂದೆ ಸರಿದು ಜಾಗ ಮಾಡಿಕೊಡುತ್ತಿರುವುದರಿಂದಲೇ ಈ ಏರಿಕೆ ಹತೋಟಿಯಲ್ಲಿರುವುದು. ಭಾರದ ಗುಂಡು ನಿಧಾನವಾಗಿ ಸರಿಯುತ್ತದೆ. ಅದು ಉದ್ದವೂ ಹೌದು. 9 ಮಿಮೀ ತೋಟಾದ ಒಟ್ಟು ಉದ್ದ 29.69 ಮಿಮೀ ದಾಟಬಾರದು, ಹಾಗಾಗಿ ಉದ್ದದ ಗುಂಡು ಕೇಸಿನೊಳಗೆ ಇನ್ನಷ್ಟು ಆಳಕ್ಕೆ ಕೂರಬೇಕು. ಮದ್ದಿಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ. ಹಗುರದ ಗುಂಡಿಗೆ ಸರಿಹೋದ ಮದ್ದಿನ ಅಳತೆಯನ್ನೇ ಭಾರದ ಗುಂಡಿನ ಹಿಂದೆ ಹಾಕಿದರೆ ಒತ್ತಡ ಅಪಾಯದ ಮಟ್ಟ ದಾಟಬಹುದು. ಗುಂಡನ್ನೂ ಮದ್ದನ್ನೂ ಬೇರೆ ಬೇರೆಯಾಗಿ ಆರಿಸಬಾರದು ಎನ್ನುವುದು ಇದಕ್ಕೇ.

ಇಲ್ಲಿ ಮದ್ದಿನ ಅಳತೆಗಳನ್ನು ಬೇಕೆಂದೇ ಕೊಟ್ಟಿಲ್ಲ. ಅದನ್ನು ಮದ್ದು ತಯಾರಿಸುವ ಕಂಪನಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಅಲ್ಲಿ ಕೊಟ್ಟಿರುವ ಕಡಿಮೆ ಅಳತೆಯಿಂದಲೇ ಶುರುಮಾಡಬೇಕು. ಬೇಗ ಉರಿಯುವ ಮದ್ದು ಸುಮಾರು ಕಾಲು ಗ್ರಾಂ ಸಾಕಾಗುತ್ತದೆ. ಕೇಸು ಅರ್ಧದಷ್ಟೂ ತುಂಬದೇ ಇರಬಹುದು. ಗಮನ ತಪ್ಪಿ ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ. ನೋಡುವುದಕ್ಕೆ ತೋಟಾ ಸರಿಯಾಗಿಯೇ ಇರುತ್ತದೆ, ಹಾರಿಸಿದಾಗ ಪಿಸ್ತೂಲು ಒಡೆಯಬಹುದು. ಪ್ರತಿ ಕೇಸಿನೊಳಗೂ ಕಣ್ಣಿಟ್ಟು ನೋಡಿ, ಆಮೇಲೇ ಗುಂಡು ಕೂರಿಸಬೇಕು ಎಂದು ಅನುಭವಿಗಳು ಮತ್ತೆ ಮತ್ತೆ ಹೇಳುತ್ತಾರೆ. ಬೇಸರ ತರಿಸುವಷ್ಟು ಸಲ ಹೇಳಿದರೂ ಅದು ಸಾಲದು.

ಅದೇ ಆಟದ ಓಪನ್ ವಿಭಾಗಕ್ಕೆ ಹೋದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ತಲೆಕೆಳಗಾಗುತ್ತದೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ಅಲ್ಲಿ ನಳಿಕೆಯ ತುದಿಗೆ ಕಾಂಪೆನ್ಸೇಟರ್ ಹಾಕಲು ಅವಕಾಶವಿದೆ. ಅದರ ಮೇಲ್ಭಾಗದ ತೂತುಗಳಿಂದ ಅನಿಲ ಮೇಲಕ್ಕೆ ಚಿಮ್ಮುತ್ತದೆ, ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಇಲ್ಲಿ ಅನಿಲ ಶತ್ರುವಲ್ಲ, ಕೂಲಿಯಾಳು. ಎಷ್ಟು ಇದ್ದರೂ ಬೇಕು. ಅದೂ ಗುಂಡು ನಳಿಕೆಯ ಕೊನೆ ಮುಟ್ಟುವ ಹೊತ್ತಿಗೆ ಒತ್ತಡ ಇನ್ನೂ ಉಳಿದಿರಬೇಕು. ಹಾಗಾಗಿ ಅಲ್ಲಿ ಹಗುರದ ಗುಂಡು, ನಿಧಾನ ಉರಿಯುವ ಮದ್ದು, ಅದೂ ಜಾಸ್ತಿ. ಓಪನ್‌ನಲ್ಲಿ 160 ಪವರ್ ಫ್ಯಾಕ್ಟರ್ ಮುಟ್ಟಿದರೆ ಮೇಜರ್ ದರ್ಜೆ ಸಿಗುತ್ತದೆ. ಗುರಿಯ ನಡುವೆ ತಾಗಿದರೆ ಎಲ್ಲರಿಗೂ 5 ಅಂಕವೇ. ಪಕ್ಕದ ವಲಯಕ್ಕೆ ತಾಗಿದರೆ ಮೇಜರ್‌ಗೆ 4, 125 ದಾಟಿಯೂ ಮೇಜರ್ ಮುಟ್ಟದ ಮೈನರ್ ದರ್ಜೆಗೆ 3. ಸ್ವಲ್ಪ ತಪ್ಪಿದರೂ ನಷ್ಟ ಕಡಿಮೆ. ಶಬ್ದ ಮಾತ್ರ ಪಕ್ಕದಲ್ಲಿ ನಿಂತವರ ಎದೆಗೆ ಬಡಿಯುತ್ತದೆ.

ಸರಿಯಾದ ಜೋಡಿ ಸಿಕ್ಕ ಮೇಲೂ ಒಂದು ಚಿಂತೆ ಉಳಿಯುತ್ತದೆ. ಗುಂಡಿನ ತೂಕ ತೋಟಾದಿಂದ ತೋಟಾಕ್ಕೆ ಅಷ್ಟಾಗಿ ಬದಲಾಗುವುದಿಲ್ಲ, ವೇಗ ಬದಲಾಗುತ್ತದೆ. ಚಳಿ, ಬಿಸಿಲು ಎರಡೂ ಮದ್ದಿನ ಮೇಲೆ ಕೆಲಸ ಮಾಡುತ್ತವೆ. ಕೇಸಿನಲ್ಲಿ ಖಾಲಿ ಜಾಗ ಜಾಸ್ತಿ ಇದ್ದರೆ ಮದ್ದು ಪ್ರೈಮರ್ ಕಡೆಗೆ ಬಿದ್ದಿದೆಯೋ ಗುಂಡಿನ ಕಡೆಗೆ ಬಿದ್ದಿದೆಯೋ ಅನ್ನುವುದರ ಮೇಲೂ ವೇಗ ಏರುಪೇರಾಗಬಹುದು. ಹಾಗಾಗಿ 125ಕ್ಕೆ ಸರಿಯಾಗಿ ಗುರಿಯಿಡುವವರು ಕಡಿಮೆ. 130ರ ಆಸುಪಾಸು ಇಟ್ಟುಕೊಂಡು, ಆ ಐದನ್ನು ಗಂಟಿನಲ್ಲಿ ಕಟ್ಟಿಟ್ಟ ದುಡ್ಡಿನಂತೆ ಕಾಯುತ್ತಾರೆ.

ಅದೂ ಸಾಲದೆ ಹೋದರೆ? ಮೊದಲ ಮೂರು ತೋಟಾ ಸೋತರೆ ಇನ್ನೂ ಮೂರನ್ನು ಹಾರಿಸಿ, ಆರರಲ್ಲಿ ಹೆಚ್ಚು ವೇಗದ ಮೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆಗಲೂ ಸೋತರೆ ಮೇಜಿನ ಮೇಲೆ ಉಳಿದಿರುವುದು ಎಂಟನೆಯದು ಮಾತ್ರ. ಅದನ್ನು ಏನು ಮಾಡಬೇಕೆಂದು ಅಧಿಕಾರಿ ಸ್ಪರ್ಧಿಯನ್ನೇ ಕೇಳುತ್ತಾರೆ. ಬಿಚ್ಚಿ ತೂಗಬೇಕೇ, ಮೊದಲು ತೂಗಿದ ಗುಂಡಿಗಿಂತ ಇದು ಒಂದು ಚೂರು ಭಾರ ಇದ್ದೀತು ಎಂದು? ಅಥವಾ ಹಾರಿಸಬೇಕೇ, ಇದು ಒಂದು ಚೂರು ಬೇಗ ಹೋದೀತು ಎಂದು? ಎರಡನ್ನೂ ಮಾಡಲಾಗದು. ತಾನು ಆರಿಸಿದ ಗುಂಡನ್ನು ನಂಬಬೇಕೋ, ತಾನು ಸುರಿದ ಮದ್ದನ್ನು ನಂಬಬೇಕೋ ಎಂದು ಸ್ಪರ್ಧಿ ಅಲ್ಲೇ ನಿಂತು ಹೇಳಬೇಕು.